ಬರೆದವರು ಯಾರೋ, ಬೈಸಿಕೊಳ್ಳೋದು ನಾನು

"ಇದನ್ನ ನೀನು ಬರೆದಿದ್ದಾ?" ಅಂತ ಅಕ್ಕ ಕೇಳಿದಳು.

"ಇಲ್ಲ."

"ಮತ್ತೆ ನಿನಗ್ಯಾಕೆ ಬೈತಿದಾರೆ?"

ಪ್ರಶ್ನೆ ನ್ಯಾಯವಾದದ್ದೇ. ರಾತ್ರಿ ಹನ್ನೊಂದೂವರೆ ಆಗಿತ್ತು. ಪರದೆಯ ಮೇಲೆ ಗುರುತು ಪರಿಚಯ ಇಲ್ಲದವರ ಒಂದು ಈಮೇಲ್ ಇತ್ತು. "ನಿಮ್ಮ ಪ್ರೋಗ್ರಾಂ ನನ್ನ ಫೋಟೋಗಳಿಗೆಲ್ಲ 1970ರ ಜನವರಿ 1 ಅಂತ ಹೆಸರಿಟ್ಟಿದೆ. ನಾನು ಹುಟ್ಟಿದ್ದೇ 1988ರಲ್ಲಿ." ಯೂನಿಕ್ಸ್ ಬಳಗದ ಆಪರೇಟಿಂಗ್ ಸಿಸ್ಟಮ್ಮುಗಳ ಗಡಿಯಾರ ಸೆಕೆಂಡುಗಳನ್ನು ಎಣಿಸಲು ಶುರು ಮಾಡುವುದು ಆ ದಿನದಿಂದ. ತಾರೀಖು ಗೊತ್ತಾಗದಿದ್ದರೆ ಪ್ರೋಗ್ರಾಂ ಸೊನ್ನೆ ಅಂದುಕೊಳ್ಳುತ್ತದೆ, ಸೊನ್ನೆ ಅಂದರೆ ಅದೇ 1970. ಇದು ನನಗೆ ಗೊತ್ತು. ಆದರೆ ಹುಟ್ಟುವ ಮುಂಚೆಯೇ ಫೋಟೋ ತೆಗೆಸಿಕೊಂಡವರಿಗೆ ಇದನ್ನೆಲ್ಲ ಹೇಳಿ ಸಮಾಧಾನ ಮಾಡುವುದು ಹೇಗೆ?

ಅಕ್ಕನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಫ್ರೀಬಿಎಸ್‌ಡಿ ಅಂತ ಒಂದು ಆಪರೇಟಿಂಗ್ ಸಿಸ್ಟಮ್ ಇದೆ. ಉಚಿತ, ಅದರ ಕೋಡ್ ಎಲ್ಲರಿಗೂ ತೆರೆದಿದೆ. ಆ ಸಿಸ್ಟಮ್ಮನ್ನು ಕಟ್ಟುವವರು ಒಂದು ತಂಡ. ಆದರೆ ಬ್ರೌಸರ್, ಹಾಡು ಕೇಳುವ ಪ್ರೋಗ್ರಾಂ, ಆಟ, ಎಡಿಟರ್, ಇವೆಲ್ಲ ಹೊರಗಿನವರು ಬರೆದದ್ದು. ಅವರಲ್ಲಿ ಹೆಚ್ಚಿನವರು ಲಿನಕ್ಸ್ ಎಂಬ ಇನ್ನೊಂದು ಸಿಸ್ಟಮ್ಮಿನ ಮುಂದೆ ಕೂತು ಬರೆಯುತ್ತಾರೆ. ಅದನ್ನು ತಂದು, ಅಲ್ಲಿ ಇಲ್ಲಿ ತಟ್ಟಿ ಕುಟ್ಟಿ, ಈ ಸಿಸ್ಟಮ್ಮಿಗೆ ಕೂರಿಸುವವರು ಒಬ್ಬರು ಬೇಕಲ್ವಾ? ಹಾಗೆ ಕೂರಿಸುವ ವಿಧಾನವನ್ನು ಬರೆದಿಟ್ಟ ಫೋಲ್ಡರಿಗೆ ಪೋರ್ಟ್ ಅನ್ನುತ್ತಾರೆ. ಪೋರ್ಟ್‌ಗಳ ಸಂಗ್ರಹ ಶುರುವಾದದ್ದು 1994ರಲ್ಲಿ. ಈಗ ಅದರಲ್ಲಿ 30,000ಕ್ಕೂ ಜಾಸ್ತಿ ಪೋರ್ಟ್‌ಗಳಿವೆ. ಒಂದೊಂದರಲ್ಲೂ ಒಂದು ಮೇಕ್‌ಫೈಲ್ ಇರುತ್ತದೆ. ಕೋಡ್ ಎಲ್ಲಿಂದ ತರಬೇಕು, ಅದಕ್ಕೆ ಬೇರೆ ಏನೇನು ಬೇಕು ಅನ್ನುವುದು ಅದರೊಳಗೆ. ಅದೇ ಫೈಲಿನಲ್ಲಿ 'ಮೇಂಟೇನರ್' ಅಂತ ಒಂದು ಸಾಲು. ಯಾರ ಈಮೇಲ್ ಆ ಸಾಲಿನಲ್ಲಿದೆಯೋ ಅವರ ಕಥೆ ಮುಗಿಯಿತು.

ನನ್ನ ಈಮೇಲ್ ಅಲ್ಲಿಗೆ ಹೋದದ್ದು ನನ್ನ ಬಾಯಿಯಿಂದ. ಫೋಟೋಗಳಿಗೆ ತೆಗೆದ ತಾರೀಖಿನ ಪ್ರಕಾರ ಹೆಸರಿಡುವ ಈ ಪುಟ್ಟ ಪ್ರೋಗ್ರಾಂ ನನಗೆ ಇಷ್ಟವಾಗಿತ್ತು. ಪೋರ್ಟ್ ಹಳೆಯದಾಗಿತ್ತು. ಹೊಸದು ಬೇಕು ಅಂತ ಬಗ್ ರಿಪೋರ್ಟ್ ಹಾಕಿದೆ. ಮೇಂಟೇನರ್ ಎರಡು ವಾರ ಉತ್ತರ ಕೊಡದಿದ್ದರೆ ಅವರ ಒಪ್ಪಿಗೆ ಇಲ್ಲದೆಯೇ ಬದಲಾವಣೆ ಮಾಡಬಹುದು ಅನ್ನುವುದು ಅಲ್ಲಿನ ನಿಯಮ. ಮೂರು ತಿಂಗಳು ಮಾತಿಲ್ಲದಿದ್ದರೆ ಪೋರ್ಟನ್ನೇ ಅವರ ಕೈಯಿಂದ ತೆಗೆಯಬಹುದು. ನಾನು ದಿನ ಎಣಿಸುತ್ತಾ ಕೂತೆ. "ಎರಡು ವಾರದಲ್ಲಿ ಒಂದು ಈಮೇಲ್‌ಗೆ ಉತ್ತರ ಕೊಡೋಕಾಗಲ್ವಾ? ಇಂಥವರು ಯಾಕಾದರೂ ಹೆಸರು ಹಾಕಿಕೊಳ್ತಾರೋ!" ಅಂತ ಅಕ್ಕನ ಮುಂದೆ ದೊಡ್ಡದಾಗಿ ಹೇಳಿದ್ದೆ.

ಹದಿಮೂರನೇ ದಿನ ಆ ಮನುಷ್ಯ ಉತ್ತರ ಕೊಟ್ಟರು. "ನನಗೆ ಸಮಯ ಸಿಗುತ್ತಿಲ್ಲ. ನೀವೇ ತೆಗೆದುಕೊಳ್ಳಿ. ತುಂಬಾ ತುಂಬಾ ಥ್ಯಾಂಕ್ಸ್." ಎರಡನೇ 'ತುಂಬಾ' ಓದಿದಾಗಲೇ ನನಗೆ ಅನುಮಾನ ಬರಬೇಕಿತ್ತು. ಬೇಲಿ ಮೇಲೆ ಹೋಗುತ್ತಿದ್ದ ಓತಿಕ್ಯಾತವನ್ನು ಕರೆದು ಮೈಮೇಲೆ ಬಿಟ್ಟುಕೊಂಡೆ. ಒಂದಲ್ಲ, ಐದು. ಬೇರೆ ಪ್ರೋಗ್ರಾಂಗಳು ಎರವಲು ಪಡೆಯುವ ಕೋಡಿನ ಕಂತೆಗೆ ಲೈಬ್ರರಿ ಅನ್ನುತ್ತಾರೆ. ಈ ಪ್ರೋಗ್ರಾಮಿಗೆ ಬೇಕಾದ ಅಂಥ ನಾಲ್ಕು ಲೈಬ್ರರಿಗಳ ಪೋರ್ಟ್‌ಗಳಿಗೂ ಹೇಳುವವರು ಕೇಳುವವರು ಇರಲಿಲ್ಲ. ಹೇಗೂ ಹಾಕುತ್ತಿದ್ದೇನಲ್ಲ ಅಂತ ಅವಕ್ಕೂ ನನ್ನ ಈಮೇಲನ್ನೇ ಹಾಕಿಬಿಟ್ಟೆ.

ಮೊದಲ ಅಪ್‌ಡೇಟ್ ನನ್ನ ಕಂಪ್ಯೂಟರಿನಲ್ಲಿ ಒಂದೇ ಏಟಿಗೆ ಕಂಪೈಲ್ ಆಯಿತು. ಕಳಿಸುವ ಮುಂಚೆ ಪೂದ್ರಿಯೇರ್ ಎಂಬ ಸಾಧನದಲ್ಲಿ ಪರೀಕ್ಷೆ ಮಾಡಬೇಕು. ಅದು ಏನೂ ಇಲ್ಲದ ಖಾಲಿ ಸಿಸ್ಟಮ್ ಒಂದನ್ನು ಎಬ್ಬಿಸಿ, ಅದರೊಳಗೆ ಎಲ್ಲವನ್ನೂ ಮೊದಲಿಂದ ಕಟ್ಟಿ ನೋಡುತ್ತದೆ. ಫ್ರೆಂಚ್‌ನಲ್ಲಿ ಆ ಪದಕ್ಕೆ ಸಿಡಿಮದ್ದು ಇಡುವ ಜಾಗ ಅಂತ ಅರ್ಥ. ಹೆಸರಲ್ಲೇ ಎಚ್ಚರಿಕೆ ಇತ್ತು. "ಇಷ್ಟು ಸಣ್ಣದಕ್ಕೆ ಅದೆಲ್ಲ ಯಾಕೆ, ಸುಮ್ನೆ ಟೈಮ್ ವೇಸ್ಟ್" ಅಂತ ನೇರ ಕಳಿಸಿಬಿಟ್ಟೆ. ಕೋಡ್ ಸೇರಿಸುವ ಅಧಿಕಾರ ಇರುವವರನ್ನು ಕಮಿಟರ್ ಅನ್ನುತ್ತಾರೆ. ಪಾಪ, ಅವರು ನನ್ನನ್ನು ನಂಬಿ ಸೇರಿಸಿದರು.

ಬೆಳಿಗ್ಗೆ ಎದ್ದರೆ ಈಮೇಲ್‌ಗಳ ಸುರಿಮಳೆ. ಎಲ್ಲ ಪೋರ್ಟ್‌ಗಳನ್ನೂ ಕಟ್ಟುವ ಸರ್ವರ್‌ಗಳು ಒಂದೊಂದಾಗಿ ದೂರು ಕಳಿಸಿದ್ದವು. ಈ ಪ್ರೊಸೆಸರ್‌ನಲ್ಲಿ ಆಗಲಿಲ್ಲ, ಆ ಪ್ರೊಸೆಸರ್‌ನಲ್ಲಿ ಆಗಲಿಲ್ಲ. ಅವುಗಳಲ್ಲಿ ಒಂದೆರಡನ್ನು ನಾನು ಕಣ್ಣಲ್ಲೂ ಕಂಡಿಲ್ಲ. ಕಾರಣ ಏನಪ್ಪಾ ಅಂದರೆ, ಯಾವುದೋ ಕಾಲದಲ್ಲಿ ಬೇರೆ ಯಾವುದಕ್ಕೋ ಹಾಕಿಕೊಂಡ ಒಂದು ಲೈಬ್ರರಿ ನನ್ನ ಯಂತ್ರದಲ್ಲಿ ಹಾಗೇ ಉಳಿದಿತ್ತು. ಪ್ರೋಗ್ರಾಂ ಅದನ್ನು ಹುಡುಕಿ ಗುಟ್ಟಾಗಿ ಬಳಸಿಕೊಂಡಿತ್ತು. ಬೇಕಾದವುಗಳ ಪಟ್ಟಿಯಲ್ಲಿ ನಾನು ಅದನ್ನು ಬರೆದಿರಲೇ ಇಲ್ಲ.

ಫ್ರೀಬಿಎಸ್‌ಡಿಯಲ್ಲಿ ಒಂದು ಹಳೆಯ ರೂಢಿ ಇದೆ. ಬಿಲ್ಡ್, ಅಂದರೆ ಈ ಕಟ್ಟುವ ಕೆಲಸ, ಕೆಡಿಸಿದವರಿಗೆ ದಡ್ಡರ ಚೂಪು ಟೋಪಿ. ತಿದ್ದುವಾಗ "ಚೂಪು ಟೋಪಿ ಇಂಥವರಿಗೆ" ಅಂತ ಕೋಡ್ ಜೊತೆ ಸೇರಿಸುವ ಕಮಿಟ್ ಸಂದೇಶದಲ್ಲೇ ಬರೆಯುತ್ತಾರೆ, ಅದು ಶಾಶ್ವತವಾಗಿ ಉಳಿಯುತ್ತದೆ. ಆ ಕಮಿಟರ್ ದೊಡ್ಡ ಮನುಷ್ಯರು. ಸೇರಿಸಿದ್ದು ನಾನಲ್ಲವೇ ಅಂತ ಟೋಪಿಗೆ ತಮ್ಮ ಹೆಸರನ್ನೇ ಬರೆದುಕೊಂಡರು. ಕನ್ನಡದಲ್ಲಿ ಟೋಪಿ ಹಾಕುವುದು ಅಂದರೆ ಏನು ಅಂತ ಅವರಿಗೆ ಗೊತ್ತಿರಲಿಕ್ಕಿಲ್ಲ. ಹಾಕಿಕೊಂಡವರು ಅವರು, ಹಾಕಿದವನು ನಾನು.

ಆಮೇಲಿನ ಕಷ್ಟಗಳೆಲ್ಲ ಮೂಲ ಲೇಖಕರ ಕೃಪೆ. ಅವರು ಪ್ರತಿ ಸ್ಕ್ರಿಪ್ಟಿನ ತಲೆಯಲ್ಲೂ ಅದನ್ನು ಓಡಿಸುವ ಬ್ಯಾಶ್ ಎಂಬ ಪ್ರೋಗ್ರಾಂ ಇಂಥ ಕಡೆಯೇ ಇದೆ ಅಂತ ಬರೆಯುತ್ತಾರೆ. ನಮ್ಮಲ್ಲಿ ಅದು ಬೇರೆ ಕಡೆ ಇರುತ್ತದೆ. ಸೆಡ್ ಎಂಬ ಕಮ್ಯಾಂಡ್ ಎರಡೂ ಸಿಸ್ಟಮ್‌ನಲ್ಲಿ ಇದೆ, ಸ್ವಭಾವ ಮಾತ್ರ ಬೇರೆ. ಲಿನಕ್ಸ್‌ನಲ್ಲಿ 'ಫೈಲನ್ನು ಇದ್ದಲ್ಲೇ ತಿದ್ದು' ಅಂದರೆ ತಿದ್ದುತ್ತದೆ. ಇಲ್ಲಿ ಅಷ್ಟೇ ಹೇಳಿದರೆ, ಏನು ತಿದ್ದಬೇಕು ಅಂತ ಬರೆದದ್ದನ್ನು ಹಳೆಯ ಪ್ರತಿಗೆ ಅಂಟಿಸುವ ಬಾಲ ಅಂದುಕೊಳ್ಳುತ್ತದೆ. ಫೈಲಿನ ಹೆಸರನ್ನು ಆಜ್ಞೆ ಅಂದುಕೊಂಡು, ಇದೆಂಥ ಆಜ್ಞೆ ಅಂತ ನಮ್ಮನ್ನೇ ಗದರುತ್ತದೆ. ಇದನ್ನು ಸರಿಮಾಡಿ ಲೇಖಕರಿಗೆ ಪ್ಯಾಚ್, ಅಂದರೆ ತಿದ್ದುಪಡಿ, ಕಳಿಸಿದೆ. "ನನ್ನ ಕಂಪ್ಯೂಟರಿನಲ್ಲಿ ಸರಿಯಾಗಿಯೇ ಇದೆಯಲ್ಲ" ಅಂದರು. ಆ ಮಾತು ನನಗೆ ತೀರಾ ಪರಿಚಯದ್ದು, ಸುಮ್ಮನಾದೆ.

ಇನ್ನು ನಂಬರ್ ವಿಷಯ. ಲೇಖಕರು ಮೊದಲು ತಾರೀಖನ್ನೇ ಆವೃತ್ತಿಯಾಗಿ ಬರೆಯುತ್ತಿದ್ದರು, 20190312 ಅಂತ. ಒಂದು ದಿನ ಇದ್ದಕ್ಕಿದ್ದಂತೆ "ಈಗ ಪ್ರೋಗ್ರಾಂ ಪಕ್ವವಾಗಿದೆ" ಅಂತ 1.0 ಬಿಡುಗಡೆ ಮಾಡಿದರು. ಎರಡು ಕೋಟಿ ಎಲ್ಲಿ, ಒಂದು ಎಲ್ಲಿ? ಹೊಸದೇ ಹಳೆಯದು ಅಂತ ಪ್ಯಾಕೇಜ್ ಮ್ಯಾನೇಜರ್ ತೀರ್ಮಾನಿಸಿತು, ಯಾರಿಗೂ ಅಪ್‌ಡೇಟ್ ಹೋಗಲಿಲ್ಲ. ಇಂಥ ಹೊತ್ತಿಗೆ ಅಂತಲೇ 'ಪೋರ್ಟ್‌ಇಪಾಕ್' ಅಂತ ಒಂದು ಬ್ರಹ್ಮಾಸ್ತ್ರ ಇದೆ. ಅದಕ್ಕೆ ಒಂದು ಅಂತ ಕೊಟ್ಟರೆ ಆವೃತ್ತಿಯ ಹಿಂದೆ ಒಂದು ಕಾಮಾ, ಒಂದು ಅಂಕಿ ಸೇರುತ್ತದೆ. ಯಾವಾಗಲೂ ಅದೇ ದೊಡ್ಡದು. ಒಮ್ಮೆ ಹಾಕಿದರೆ ಮತ್ತೆಂದೂ ಇಳಿಸುವ ಹಾಗಿಲ್ಲ. ಮುಂದಿನ ವರ್ಷ ಲೇಖಕರು ಮತ್ತೆ ತಾರೀಖಿಗೆ ಹೋದರು. ಅದರ ಮುಂದಿನ ವರ್ಷ 3.0 ಅಂದರು. ಕಾಮಾ ಎರಡು.

"ಆ ಬಾಲದ ಎರಡು ಏನು?" ಅಂತ ಅಕ್ಕ ಕೇಳಿದ್ದಳು.

"ಲೇಖಕರ ಮನಸ್ಸು ಎಷ್ಟು ಸಲ ಬದಲಾಯಿತು ಅನ್ನೋ ಲೆಕ್ಕ."

ಇಷ್ಟೆಲ್ಲ ಆದರೂ ನಿದ್ದೆ ಕೆಡಿಸಿದ್ದು 3.1. ಪೋರ್ಟ್ ಮಾಡುವಾಗ, ತಂದ ಫೈಲಿನ ಅಳತೆ ಮತ್ತು ಎಸ್‌ಎಚ್‌ಎ256 ಮೊತ್ತ ಬರೆದಿಡುತ್ತೇವೆ. ಅದು ಫೈಲಿನ ಹೆಬ್ಬೆರಳ ಗುರುತು ಇದ್ದ ಹಾಗೆ, ಒಳಗೆ ಒಂದು ಅಕ್ಷರ ಬದಲಾದರೂ ಹೊಂದುವುದಿಲ್ಲ. ಮೂರು ದಿನ ಕಳೆದ ಮೇಲೆ ಹೊಂದುತ್ತಿಲ್ಲ ಅಂತ ದೂರು ಬಂತು. ಅದೇ ಹೆಸರು, ಅದೇ 3.1, ಒಳಗೆ ಬೇರೆ ಏನೋ ಇದೆ. ಎದೆ ಧಸಕ್ಕೆಂದಿತು. ಇದು 2024ರ ಮಾರ್ಚ್ ಆದ ಮೇಲಿನ ಮಾತು. ಎಕ್ಸ್‌ಝಡ್ ಎಂಬ ಕಂಪ್ರೆಷನ್ ಸಾಫ್ಟ್‌ವೇರಿನಲ್ಲಿ ಯಾರೋ ಕಳ್ಳದಾರಿ ಇಟ್ಟದ್ದು ಆಗಲೇ ಹೊರಬಂದದ್ದು. ಆ ಕಳ್ಳತನದ ಒಂದು ಮುಖ್ಯ ತುಣುಕು ಬಿಡುಗಡೆಯ ಫೈಲಿನಲ್ಲಿ ಮಾತ್ರ ಇತ್ತು, ಎಲ್ಲರೂ ನೋಡುವ ಗಿಟ್ ಎಂಬ ಕೋಡ್ ಭಂಡಾರದಲ್ಲಿ ಇರಲಿಲ್ಲ. ದೂರದ ಕಂಪ್ಯೂಟರಿನೊಳಗೆ ಹೋಗುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡ ಆಗುತ್ತಿದೆಯಲ್ಲ ಅಂತ ಆಂಡ್ರೆಸ್ ಫ್ರಾಯಿಂಡ್ ಎಂಬ ಪ್ರೋಗ್ರಾಮರ್ ಕೆದಕಿದ್ದಕ್ಕೆ ಸಿಕ್ಕಿಬಿತ್ತು. ಅರ್ಧ ಸೆಕೆಂಡ್! ನಾನಾಗಿದ್ದರೆ ಆಕಳಿಸಿ ಸುಮ್ಮನಾಗುತ್ತಿದ್ದೆ.

ಹಳೆಯ ಫೈಲು, ಹೊಸ ಫೈಲು ಪಕ್ಕಪಕ್ಕ ಇಟ್ಟು ರಾತ್ರಿ ಎರಡರವರೆಗೆ ಹೋಲಿಸಿದೆ. ಸಂಚನ್ನು ಹಿಡಿದವನಾಗಿ ಹೆಸರು ಮಾಡುವ ಆಸೆಯೂ ಸ್ವಲ್ಪ ಇತ್ತು, ಸುಳ್ಳೇಕೆ. ಸಿಕ್ಕಿದ್ದು ರೀಡ್‌ಮಿ ಎಂಬ ಪರಿಚಯದ ಫೈಲಿನಲ್ಲಿ ಒಂದು ಕಾಗುಣಿತದ ತಪ್ಪು. ಲೇಖಕರು ತಮ್ಮ ಹೆಸರನ್ನೇ ತಪ್ಪು ಬರೆದುಕೊಂಡಿದ್ದರು, ತಿದ್ದಿದ್ದರು. "3.1.1 ಅಂತ ಮಾಡಬಹುದಿತ್ತಲ್ಲ?" ಅಂತ ಕೇಳಿದೆ. "ಇಷ್ಟಕ್ಕೆಲ್ಲ ಹೊಸ ನಂಬರ್ ಯಾಕೆ?" ಅಂದರು. ನಂಬರ್ ಎಲ್ಲಿ ತೀರಿಹೋಗುತ್ತೋ ಅನ್ನುವ ಭಯ ಇವರಿಗೆ.

ಸರಿ, 1970ಕ್ಕೆ ಬರೋಣ. ಲೇಖಕರಿಗೆ ಬರೆದೆ. "ಅದು ನಿಮ್ಮ ಪ್ಯಾಚ್‌ನ ತಪ್ಪಿರಬೇಕು" ಅಂದರು. ಫೋಟೋದವರು "ನಿಮ್ಮ ಪ್ರೋಗ್ರಾಂ" ಅನ್ನುವುದನ್ನು ಬಿಡಲಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರಲ್ಲ, ಆ ಕೂಸು ರಾತ್ರಿಯೆಲ್ಲ ಡೀಬಗ್ ಮಾಡಿತು. ಕೊನೆಗೂ ಸಿಕ್ಕಿತು. ತಪ್ಪು ಪ್ರೋಗ್ರಾಮಿನದಲ್ಲ, ಪ್ಯಾಚಿನದೂ ಅಲ್ಲ. ಫೋಟೋದಿಂದ ತಾರೀಖು ಓದುವ ಲೈಬ್ರರಿಯದು. ಅದರ ಪೋರ್ಟ್ ಹಳೆಯದಾಗಿ ಕೂತಿತ್ತು. ಹೊಸ ಆವೃತ್ತಿಯಲ್ಲಿ ಈ ತಪ್ಪು ಇಲ್ಲ.

ನೋಡಿದರೆ, ಯಾರೋ ಪುಣ್ಯಾತ್ಮರು ಅದನ್ನು ಅಪ್‌ಡೇಟ್ ಮಾಡುವ ಪ್ಯಾಚನ್ನೂ ಹಾಕಿಟ್ಟಿದ್ದಾರೆ! ಹಾಕಿ ಹದಿಮೂರು ದಿನವಾಗಿದೆ. ಮೇಂಟೇನರ್ ಉಸಿರೆತ್ತಿಲ್ಲ.

ನನಗೆ ರೇಗಿತು. "ನೋಡಕ್ಕಾ ಇವರನ್ನ! ಹೆಸರು ಹಾಕಿಕೊಳ್ಳೋಕೆ ಮಾತ್ರ ಮುಂದೆ. ಎರಡು ವಾರ ಆಗ್ತಾ ಬಂತು, ಒಂದು ಉತ್ತರ ಇಲ್ಲ. ಈಗಲೇ ಬರೀತೀನಿ" ಅಂತ ವಿಳಾಸಕ್ಕಾಗಿ ಮೇಕ್‌ಫೈಲ್ ತೆರೆದೆ.

ಮೇಂಟೇನರ್ ಸಾಲು ಓದಿದೆ. ಇನ್ನೊಮ್ಮೆ ಓದಿದೆ. ಸರ್ವರ್‌ಗಳ ದೂರುಗಳ ಕಾಟ ತಾಳಲಾರದೆ, ಆ ಕಡೆಯಿಂದ ಬರುವ ಎಲ್ಲ ಈಮೇಲನ್ನೂ 'ಆಮೇಲೆ ನೋಡೋಣ' ಎಂಬ ಫೋಲ್ಡರಿಗೆ ತಳ್ಳು ಅಂತ ಒಂದು ಫಿಲ್ಟರ್ ಹಾಕಿದ್ದು ಆಗ ನೆನಪಾಯಿತು.

"ಯಾರಂತೆ ಅವನು?" ಅಕ್ಕ ಎದ್ದು ಬರುತ್ತಿದ್ದಳು.

"ಇರಲಿ ಬಿಡು, ಪಾಪ. ಏನು ಕಷ್ಟ ಇದೆಯೋ ಏನೋ" ಅಂದೆ. ಲ್ಯಾಪ್‌ಟಾಪನ್ನು ಮೆಲ್ಲಗೆ ನನ್ನ ಕಡೆ ತಿರುಗಿಸಿಕೊಂಡೆ.