ಬ್ರೆಜಿಲ್ ನೋಡಿ ತೋಟದ ಮರ ಕಡಿಯಬೇಡಿ

ಕಾಫಿಗೆ ರೇಟು ಬಂದಾಗಲೆಲ್ಲ ಒಂದು ಮಾತು ಏಳುತ್ತದೆ: ಬ್ರೆಜಿಲ್‌ನವರು ಬಟಾಬಯಲಲ್ಲಿ ಬೆಳೆಯುತ್ತಾರೆ, ವಿಯೆಟ್ನಾಂನವರು ಎಕರೆಗೆ ನಮ್ಮ ಎರಡರಷ್ಟು ತೆಗೆಯುತ್ತಾರೆ, ನಾವು ಮಾತ್ರ ಮರ ಸಾಕಿಕೊಂಡು ಕೂತಿದ್ದೇವೆ ಅಂತ. ಈ ಮಾತು ನಂಬಿ ಚಿಕ್ಕಮಗಳೂರು, ಸಕಲೇಶಪುರ, ಕೊಡಗಿನ ಅರೇಬಿಕಾ ಜಾತಿಯ ಕಾಫಿ ತೋಟವನ್ನು ಬೋಳಿಸಲು ಹೊರಟವರು ದಯವಿಟ್ಟು ಒಮ್ಮೆ ಇದನ್ನು ಓದಿ.

ಬ್ರೆಜಿಲ್‌ನ ಮಿನಾಸ್ ಜೆರಾಯಿಸ್ ರಾಜ್ಯದ ಸೆರಾಡೋ ಅಂದರೆ ಎತ್ತರದಲ್ಲಿರುವ ಬಯಲು. ಸಾಲಿಂದ ಸಾಲಿಗೆ ಸುಮಾರು ನಾಲ್ಕು ಮೀಟರ್, ಗಿಡದಿಂದ ಗಿಡಕ್ಕೆ ಅರ್ಧ ಮುಕ್ಕಾಲು ಮೀಟರ್. ಯಂತ್ರ ಇಡೀ ಸಾಲನ್ನು ಕಾಲ ಮಧ್ಯೆ ಹಾಕಿಕೊಂಡು ಹಣ್ಣು ಉದುರಿಸುತ್ತಾ ಹೋಗುತ್ತದೆ. ಕೊಯ್ಲಿನ ತಿಂಗಳುಗಳೇ ಅವರ ಒಣ ಚಳಿಗಾಲ, ಹಾಗಾಗಿ ಹಣ್ಣು ಕಣದಲ್ಲಿ ಸಲೀಸಾಗಿ ಒಣಗುತ್ತದೆ. ಅವರ ಭಯ ಹೆಪ್ಪುಗಟ್ಟುವ ಚಳಿಯದು. 1975ರ ಜುಲೈನಲ್ಲಿ ಪರಾನಾ ರಾಜ್ಯದ ತೋಟಗಳು ಅದಕ್ಕೇ ಸುಟ್ಟುಹೋದವು; ಆಮೇಲೆ ಕಾಫಿ ಉತ್ತರಕ್ಕೆ, ಮಿನಾಸ್ ಕಡೆಗೆ ಸರಿಯಿತು. ಆದರೆ ನಮ್ಮ ಬಿಳಿ ಕಾಂಡಕೊರಕ, ಅಂದರೆ ಅರೇಬಿಕಾ ಕಾಂಡ ಕೊರೆದು ಗಿಡ ಕೊಲ್ಲುವ ದುಂಬಿ, ಅಲ್ಲಿಲ್ಲ. ನನ್ನ ತಕರಾರು ಪೂರ್ತಿ ನಿಂತಿರುವುದು ಇದರ ಮೇಲೆ.

ಈ ದುಂಬಿ ಏಪ್ರಿಲ್-ಮೇನಲ್ಲಿ ಒಮ್ಮೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಮ್ಮೆ ಹಾರುತ್ತದೆ. ಹೆಣ್ಣು ಹುಡುಕುವುದು ಬಿಸಿಲಿಗೆ ಬೆಚ್ಚಗಾದ ಕಾಂಡವನ್ನು. ತೊಗಟೆಯ ಬಿರುಕಲ್ಲಿ ಮೊಟ್ಟೆ ಇಡುತ್ತದೆ. ಮರಿಹುಳು ಮೊದಲು ತೊಗಟೆಯಡಿ ಕೊರೆಯುವಾಗ ಕಾಂಡದ ಮೇಲೆ ಉಬ್ಬಿದ ಗೆರೆ ಕಾಣುತ್ತದೆ, ಬೆರಳಾಡಿಸಿದರೆ ಕೈಗೆ ಸಿಗುತ್ತದೆ. ಆಮೇಲೆ ಒಳಗಿನ ಕಟ್ಟಿಗೆಗೆ ಇಳಿಯುತ್ತದೆ, ಎಲೆ ಹಳದಿಯಾಗುತ್ತದೆ, ಎಳೆಯ ಗಿಡವಾದರೆ ವರ್ಷದೊಳಗೆ ಮುಗಿಯಿತು. ಹಾರಾಟಕ್ಕೆ ಮುಂಚೆ ಸಡಿಲ ತೊಗಟೆ ಉಜ್ಜಿ ತೆಗೆಯಿರಿ, 200 ಲೀಟರ್ ನೀರಿಗೆ 20 ಕೆಜಿ ಸುಣ್ಣ ಬೆರೆಸಿ ಕಾಂಡಕ್ಕೂ ದಪ್ಪ ರೆಕ್ಕೆಗಳಿಗೂ (ಅಡ್ಡ ಕೊಂಬೆಗಳಿಗೂ) ಹೊಡೆಯಿರಿ. ಹುಳು ಬಿದ್ದ ಗಿಡವನ್ನು ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಹುಡುಕಿ ಬುಡ ಸಮೇತ ಕಿತ್ತು ಸುಡಿ. ತೋಟದ ಬದಿಯಲ್ಲಿ ಸೌದೆಯಾಗಿ ಒಟ್ಟಿದರೆ ದುಂಬಿ ಅಲ್ಲಿಂದಲೇ ಹಾರಿ ಬರುತ್ತದೆ. ನೆರಳೇ ಇಲ್ಲದಿದ್ದರೆ ಇಷ್ಟು ಮಾಡಿಯೂ ಸೋಲುತ್ತೀರಿ. ಅರೇಬಿಕಾ ಹುಟ್ಟಿದ್ದೇ ಇಥಿಯೋಪಿಯಾದ ಕಾಡಿನಲ್ಲಿ, ದೊಡ್ಡ ಮರಗಳ ಅಡಿಯಲ್ಲಿ.

ವಿಯೆಟ್ನಾಂ ಕಥೆ ಬೇರೆ. ಡಾಕ್ ಲಾಕ್, ಲಾಮ್ ಡಾಂಗ್‌ನಲ್ಲಿ ಇರುವುದು ಬಹುಪಾಲು ರೊಬಸ್ಟಾ ಎಂಬ ಇನ್ನೊಂದು ಜಾತಿಯ ಕಾಫಿ, ಅದಕ್ಕೆ ಈ ಕಾಂಡಕೊರಕದ ಕಾಟವಿಲ್ಲ. ಅಂತರವೂ ಹೆಚ್ಚುಕಡಿಮೆ ನಮ್ಮ ಹತ್ತಡಿಯೇ. ಅವರ ಇಳುವರಿಯ ಗುಟ್ಟು ನೀರು ಮತ್ತು ಗೊಬ್ಬರ: ಬೇಸಿಗೆಯಲ್ಲಿ ಮೂರು ನಾಲ್ಕು ಸುತ್ತು, ಪ್ರತಿ ಸುತ್ತಿಗೂ ಗಿಡವೊಂದಕ್ಕೆ ನೂರಾರು ಲೀಟರ್. ಅಂತರ್ಜಲದ ಮೇಲೆ ನಿಂತ ಬೇಸಾಯ ಅದು. 2016ರ ಬರದಲ್ಲಿ ಅಲ್ಲಿನ ಬಾವಿಗಳೂ ಬತ್ತಿದವು.

ಇಲ್ಲಿ ರೊಬಸ್ಟಾಗೆ ಸ್ಪ್ರಿಂಕ್ಲರ್ ಹಾಕುವವರು ಮೊದಲು ಕೆರೆಯ ಲೆಕ್ಕ ಹಾಕಿ. ಒಂದು ಎಕರೆಗೆ ಒಂದು ಇಂಚು ನೀರು ಅಂದರೆ ಒಂದು ಲಕ್ಷ ಲೀಟರ್‌ಗೂ ಸ್ವಲ್ಪ ಮೇಲೆ. ಹೂವಿಗೆ ಒಂದೂವರೆ ಇಂಚು ಬೇಕು, ಎರಡು ಮೂರು ವಾರದಲ್ಲಿ ಬ್ಯಾಕಿಂಗ್‌ಗೆ, ಅಂದರೆ ಹೂವಿನ ನಂತರದ ಎರಡನೇ ನೀರಿಗೆ, ಮತ್ತೆ ಒಂದಿಂಚಾದರೂ ಬೇಕು. ನೀರು ಸಾಲದೆಂದು ಅರ್ಧ ಇಂಚಿಗೆ ಪೈಪು ಎತ್ತಿ ಪಕ್ಕದ ಬ್ಲಾಕಿಗೆ ಒಯ್ದರೆ ಮೊಗ್ಗು ಉಬ್ಬುತ್ತದೆ, ಅರಳುವುದಿಲ್ಲ. ನಕ್ಷತ್ರದ ಹಾಗೆ ಗಿಡ್ಡವಾಗಿ ನಿಂತು ಒಣಗುತ್ತದೆ. ಹತ್ತು ಎಕರೆಗೆ ಅರೆಬರೆ ಕೊಡುವುದಕ್ಕಿಂತ ನಾಲ್ಕು ಎಕರೆಗೆ ಪೂರ್ತಿ ಕೊಡುವುದು ವಾಸಿ. ಇನ್ನೊಂದು, ರೊಬಸ್ಟಾಗೆ ಬೇರೆ ಗಿಡದ ಪರಾಗವೇ ಬೇಕು. ಹೂ ಅರಳಿದ ದಿನ ಸ್ಪ್ರಿಂಕ್ಲರ್ ತಿರುಗಿಸಿದರೆ ಕಾಯಿ ಕಟ್ಟುವುದಿಲ್ಲ.

ಕೊಲಂಬಿಯಾದ ಹೋಲಿಕೆಯಂತೂ ಬೇಡವೇ ಬೇಡ. ಸಮಭಾಜಕದ ಹತ್ತಿರ, ಹಲವೆಡೆ ವರ್ಷಕ್ಕೆ ಎರಡು ಮಳೆಗಾಲ, ಎರಡು ಕೊಯ್ಲು. ನಮ್ಮಲ್ಲಿ ಇಡೀ ವರ್ಷದ ಮಳೆ ಹೆಚ್ಚಾಗಿ ನಾಲ್ಕು ತಿಂಗಳಲ್ಲಿ ಸುರಿದು ಹೋಗುತ್ತದೆ. ಇಳಿಜಾರಿನ ಮಣ್ಣನ್ನು ಹಿಡಿದಿರುವುದು ಆ ಮರಗಳ ಬೇರು, ತರಗೆಲೆ.

ಹಾಗಂತ ನೆರಳು ದಟ್ಟವಾಗಲು ಬಿಡಿ ಎನ್ನುತ್ತಿಲ್ಲ. ಮರಗಸಿ (ನೆರಳು ಮರದ ಕೊಂಬೆ ಸವರುವುದು) ಮಾಡದ ತೋಟದಲ್ಲಿ ಜುಲೈಗೆ ಕೊಳೆರೋಗ ಗ್ಯಾರಂಟಿ. ಮರಗಸಿಗೆ ಕಾಲ ಮುಂಗಾರಿನ ಬಾಯಿ, ದುಂಬಿ ಹಾರುವ ಏಪ್ರಿಲ್ ಅಲ್ಲ. ಮಾರ್ಚ್ ಮಧ್ಯಾಹ್ನ ಹನ್ನೆರಡಕ್ಕೆ ತೋಟದೊಳಗೆ ನಿಂತು ನೋಡಿ. ಬಿಸಿಲು ಚುಕ್ಕೆ ಚುಕ್ಕೆಯಾಗಿ ಬಿದ್ದು ಅಲುಗಾಡುತ್ತಿದ್ದರೆ ಅರೇಬಿಕಾಗೆ ಅಷ್ಟು ಸಾಕು. ಕಾಂಡದ ಮೇಲೆ ಹಾಸಿದ ಹಾಗೆ ಬಿದ್ದಿದ್ದರೆ ಆ ಜಾಗಕ್ಕೆ ಗುರುತು ಹಾಕಿ, ಜೂನ್ ಮಳೆಗೆ ಅಲ್ಲೊಂದು ಆರಡಿ ಹಾಲುವಾಣದ (ಬೇಗ ಚಿಗುರುವ ನೆರಳು ಮರದ) ಗೂಟ ನೆಡಿ.