ಡಾಲ್ಫಿನ್ ಶೋ ತಪ್ಪಿದರೆ ಏನೂ ನಷ್ಟವಿಲ್ಲ

ಪುಟ್ಟ ಮಕ್ಕಳನ್ನು ಕಟ್ಟಿಕೊಂಡು ಮೆರೈನ್ ಪಾರ್ಕಿಗೆ ಹೊರಟವರೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ: ಡಾಲ್ಫಿನ್ ಶೋ ಎಷ್ಟು ಹೊತ್ತಿಗೆ? ನನ್ನ ಉತ್ತರ ಅನೇಕರಿಗೆ ಹಿಡಿಸುವುದಿಲ್ಲ, ಆದರೂ ಹೇಳುತ್ತೇನೆ. ಬಾಗಿಲಲ್ಲಿ ಕೊಡುವ ಆ ವೇಳಾಪಟ್ಟಿಯನ್ನು ಮಡಚಿ ಚೀಲಕ್ಕೆ ಹಾಕಿಬಿಡಿ. ಶೋ ನೋಡಲೇಬೇಕೆಂಬ ಹಟ ಬಿಟ್ಟವರಿಗೆ ಇಡೀ ದಿನ ಕೈಗೆ ಸಿಗುತ್ತದೆ. ಹಟ ಹಿಡಿದವರಿಗೆ ಸಿಗುವುದು ಓಟ, ಸರತಿ ಸಾಲು, ಮಧ್ಯಾಹ್ನದ ಹೊತ್ತಿಗೆ ನೆಲದ ಮೇಲೆ ಬಿದ್ದು ಹೊರಳಾಡಿ ಅಳುವ ಒಂದು ಮಗು.

ವೇಳಾಪಟ್ಟಿ ಹಿಡಿದವರ ದಿನ ಹೇಗೆ ಕರಗುತ್ತದೆ ನೋಡಿ. ಶೋ ಇರುವುದು ಅರ್ಧ ಗಂಟೆಯೇ. ಆದರೆ ಒಳ್ಳೆಯ ಜಾಗ ಬೇಕೆಂದರೆ ಬಹಳ ಮುಂಚೆ ಹೋಗಿ ಕೂರಬೇಕು. ಅದಕ್ಕೂ ಮುಂಚೆ ಮಕ್ಕಳಿಗೆ ಶೌಚಾಲಯ ಆಗಬೇಕು, ಹೊಟ್ಟೆಗೆ ಏನಾದರೂ ಬೀಳಬೇಕು. ಮುಂದಿನ ಸಾಲಿನಲ್ಲಿ ಕೂತರೆ ನೀರು ಎರಚುತ್ತದೆ, ಆಮೇಲೆ ಬಟ್ಟೆ ಬದಲಿಸಬೇಕು. ಮುಗಿದ ತಕ್ಷಣ ಜನರೆಲ್ಲ ಒಟ್ಟಿಗೆ ಎದ್ದು ಕಡಲಸಿಂಹದ ಶೋ ಕಡೆಗೆ ನುಗ್ಗುತ್ತಾರೆ. ಈ ನಡುವೆ ಮಗು ದಾರಿಯಲ್ಲಿ ಯಾವುದೋ ಗಾಜಿನ ಮುಂದೆ ನಿಂತರೆ ನಾವು ಕೈಹಿಡಿದು ಎಳೆಯುತ್ತೇವೆ. ಮೀನು ತೋರಿಸಲೆಂದು ಕರೆತಂದ ನಾವೇ ಮೀನಿನ ಮುಂದಿನಿಂದ ಮಗುವನ್ನು ಎಬ್ಬಿಸಿಕೊಂಡು ಹೋಗುವುದಕ್ಕಿಂತ ದೊಡ್ಡ ತಮಾಷೆ ಯಾವುದಿದೆ?

ಈ ರಜೆಯಲ್ಲಿ ನಾವು ಹೋದಾಗ ಐದು ವರ್ಷದ ಮಗಳು ಕಡಲ್ಗುದುರೆಗಳ ತೊಟ್ಟಿಯ ಮುಂದೆ ಬೇರು ಬಿಟ್ಟಳು. ಅದು ಆ ಕೋಣೆಯಲ್ಲೇ ಚಿಕ್ಕ ತೊಟ್ಟಿ. ಹೆಚ್ಚಿನವರು ಅದರತ್ತ ಕಣ್ಣು ಹಾಯಿಸಿ ಮುಂದೆ ಹೋಗುತ್ತಿದ್ದರು. ನಮ್ಮ ಮನೆಯವರಿಗೆ ಶಾರ್ಕ್ ನೋಡುವ ಆತುರ. "ಬೇಗ ಬಾ ಪುಟ್ಟಿ, ಅಲ್ಲಿ ದೊಡ್ಡ ದೊಡ್ಡ ಶಾರ್ಕ್ ಇವೆ" ಎಂದು ಕರೆದದ್ದೇ ಕರೆದದ್ದು. ಅಷ್ಟರಲ್ಲಿ ಬೆಂಚು ಹಿಡಿದು ಕೂತಿದ್ದ ಅತ್ತೆ ಹೇಳಿದರು: "ನೋಡಲಿ ಬಿಡು. ಶಾರ್ಕ್ ಎಲ್ಲಿಗೂ ಓಡಿ ಹೋಗುವುದಿಲ್ಲ." ಅವರ ಮಂಡಿನೋವು ಆ ದಿನ ನಮಗೆಲ್ಲ ಉಪಕಾರ ಮಾಡಿತು.

ಕಡಲ್ಗುದುರೆ ಮೊದಲ ನೋಟಕ್ಕೆ ಏನೂ ಮಾಡದೆ ಸುಮ್ಮನೆ ನಿಂತಂತೆ ಕಾಣುತ್ತದೆ. ಹತ್ತಿರದಿಂದ ನೋಡಿದರೆ ಬೆನ್ನಿನ ಮೇಲಿನ ಪುಟ್ಟ ರೆಕ್ಕೆ ಮಸುಕಾಗುವಷ್ಟು ವೇಗದಲ್ಲಿ ಕಂಪಿಸುತ್ತಿರುತ್ತದೆ; ಸೆಕೆಂಡಿಗೆ ಸುಮಾರು 35 ಬಾರಿ ಅದು ಬಡಿಯಬಲ್ಲದು. ಇಷ್ಟು ಶ್ರಮ ಪಟ್ಟರೂ ಅದು ಈಜುವುದರಲ್ಲಿ ತೀರಾ ಹಿಂದೆ. ಆದ್ದರಿಂದಲೇ ಬಾಲದಿಂದ ಸಮುದ್ರದ ಹುಲ್ಲನ್ನು ಸುತ್ತಿ ಹಿಡಿದು, ನೀರಿನ ಸೆಳೆತಕ್ಕೆ ತೇಲಿ ಹೋಗದಂತೆ ನೋಡಿಕೊಳ್ಳುತ್ತದೆ. ಅದಕ್ಕೆ ಹಲ್ಲಿಲ್ಲ, ಜಠರವೂ ಇಲ್ಲ. ತಿಂದದ್ದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲವಾದ್ದರಿಂದ ತಿನ್ನುತ್ತಲೇ ಇರಬೇಕು. ಕೊಳವೆಯಂಥ ಮೂತಿಯನ್ನು ಮೆಲ್ಲಗೆ ತಿರುಗಿಸಿ, ಕಣ್ಣಿಗೆ ಕಾಣದಷ್ಟು ಸಣ್ಣ ಸಿಗಡಿಮರಿಯನ್ನು ಫಕ್ಕನೆ ಹೀರಿಕೊಳ್ಳುವುದನ್ನು ನನ್ನ ಮಗಳು ನನಗಿಂತ ಮುಂಚೆ ಕಂಡುಹಿಡಿದಳು. ಬಸಿರು ಹೊರುವುದು ಗಂಡು ಎಂದು ನಾನು ಹೇಳಿದೆ. ಹೆಣ್ಣು ಮೊಟ್ಟೆಗಳನ್ನು ಗಂಡಿನ ಹೊಟ್ಟೆಯ ಚೀಲದಲ್ಲಿ ಇಟ್ಟು ಹೋಗುತ್ತದೆ, ಮರಿಗಳು ಅಲ್ಲಿಂದಲೇ ಹೊರಬರುತ್ತವೆ. ಅವಳು ಹಿಂತಿರುಗಿ ಅಪ್ಪನ ಹೊಟ್ಟೆಯನ್ನು ಒಮ್ಮೆ ಗಂಭೀರವಾಗಿ ಪರಿಶೀಲಿಸಿದಳು. ಶಾರ್ಕಿನ ಆತುರ ಅಲ್ಲಿಗೆ ತಣ್ಣಗಾಯಿತು.

ಮಗನಿಗೆ ಮೂರು ವರ್ಷ. ಅವನಿಗೆ ಆ ದಿನ ಅತಿ ಇಷ್ಟವಾದ ಪ್ರಾಣಿ ಮನುಷ್ಯ. ದೊಡ್ಡ ತೊಟ್ಟಿಯಲ್ಲಿ ಒಬ್ಬ ಮುಳುಗುಗಾರ ಬ್ರಷ್ ಹಿಡಿದು ಒಳಗಿನಿಂದ ಗಾಜಿನ ಪಾಚಿ ಉಜ್ಜುತ್ತಿದ್ದ. ಹಿಂದೆ ಶಾರ್ಕ್‌ಗಳು ಸುತ್ತು ಹಾಕುತ್ತಿದ್ದವು, ಚಪ್ಪಟೆ ತೊರಕೆ ಮೀನೊಂದು ಗಾಜಿಗೆ ಬಿಳಿ ಹೊಟ್ಟೆ ಒತ್ತಿಕೊಂಡು ಮೇಲೆ ಹೋಯಿತು. ನಮ್ಮವನಿಗೆ ಅದೆಲ್ಲ ಬೇಡ. ಉಜ್ಜುವ ಕೈ ಎಡಕ್ಕೆ ಹೋದರೆ ಇವನೂ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ಹೊರಗಿನಿಂದ ತನ್ನ ಅಂಗಿಯ ತೋಳಿನಲ್ಲಿ ಅದೇ ಜಾಗವನ್ನು ಒರೆಸಿದ್ದೇ ಒರೆಸಿದ್ದು. ಮುಳುಗುಗಾರನಿಗೂ ಇದು ಕಂಡಿತೆನ್ನಿ. ಕೊನೆಗೆ ಒಂದು ಅಂಗೈಯಗಲದ ಜಾಗವನ್ನು ಬೇಕೆಂದೇ ಬಿಟ್ಟು, ಬೆರಳು ತೋರಿಸಿ, ಇವನು ಒರೆಸಿದ ಮೇಲೆ ತಾನೂ ಉಜ್ಜಿದ. ಯಾವ ವೇಳಾಪಟ್ಟಿಯಲ್ಲೂ ಈ ಕಾರ್ಯಕ್ರಮ ಇರಲಿಲ್ಲ.

ಅವಸರವನ್ನು ಪಾರ್ಕುಗಳೇ ಕಟ್ಟಡದೊಳಗೆ ಕಟ್ಟಿಡುತ್ತವೆ ಎಂಬುದೂ ನಿಜ. ತಲೆಯ ಮೇಲೆ ಮೀನು ಈಜುವ ಪಾರದರ್ಶಕ ಸುರಂಗ ಈಗ ಎಲ್ಲ ಕಡೆ ಇದೆ. 1985ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ಕೆಲ್ಲಿ ಟಾರ್ಲ್ಟನ್ ಎಂಬ ಮುಳುಗುಗಾರ, ಬಳಕೆಯಿಲ್ಲದೆ ಬಿದ್ದಿದ್ದ ಹಳೆಯ ಕೊಳಚೆ ನೀರಿನ ತೊಟ್ಟಿಗಳೊಳಗೆ ಬಾಗಿಸಿದ ಅಕ್ರಿಲಿಕ್ ಹಾಳೆಗಳಿಂದ ಇಂಥ ಸುರಂಗ ಕಟ್ಟಿ ಹೆಸರಾದ. (ಕೊಳಚೆ ತೊಟ್ಟಿಯ ವಿಷಯ ಮಕ್ಕಳಿಗೆ ಹೇಳಿ ನೋಡಿ, ಶಾರ್ಕಿಗಿಂತ ಹೆಚ್ಚು ನಗುತ್ತಾರೆ.) ಜನ ಒಂದೇ ಕಡೆ ನಿಲ್ಲದಿರಲೆಂದು ಆತ ನೆಲಕ್ಕೆ ಚಲಿಸುವ ಪಟ್ಟಿಯನ್ನೂ ಹಾಕಿಸಿದ್ದ. ಜನದಟ್ಟಣೆ ನಿಭಾಯಿಸಲು ಅದು ಜಾಣ ಉಪಾಯವೇ. ಆದರೆ ಆ ಪಟ್ಟಿಯ ಮೇಲೆ ನಿಂತ ಮಗು "ಅದೋ ಅಲ್ಲಿ" ಎನ್ನುವಷ್ಟರಲ್ಲಿ ಅಲ್ಲಿದ್ದದ್ದು ಹಿಂದೆ ಹೋಗಿರುತ್ತದೆ. ಪಕ್ಕದಲ್ಲಿ ನಿಲ್ಲಲು ಗಟ್ಟಿ ನೆಲವಿದ್ದರೆ ಅಲ್ಲಿಗೆ ಸರಿದು ನಿಲ್ಲಿ.

ಈಗ ಡಾಲ್ಫಿನ್ ವಿಷಯ. ಶೋ ಬಿಡಿ ಎನ್ನಲು ಸಮಯದ ಉಳಿತಾಯ ಒಂದೇ ನನ್ನ ಕಾರಣವಲ್ಲ.

1938ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಮೆರೈನ್ ಸ್ಟುಡಿಯೋಸ್ ಎಂಬುದು ತೆರೆದಾಗ ಉದ್ದೇಶ ಇದ್ದದ್ದು ನೀರಿನಡಿಯ ದೃಶ್ಯಗಳ ಚಿತ್ರೀಕರಣ. ಡಾಲ್ಫಿನ್‌ಗಳಿಗೆ ಆಟ ಕಲಿಸಿ ಜನರನ್ನು ಸೇರಿಸುವ ವ್ಯವಹಾರ ಬೆಳೆದದ್ದು ಆಮೇಲೆ. ವಿಧಾನ ಈಗಲೂ ಹೆಚ್ಚುಕಡಿಮೆ ಅದೇ: ಹೇಳಿದಂತೆ ಮಾಡಿದ ಗಳಿಗೆಯಲ್ಲಿ ಸೀಟಿ, ಸೀಟಿಯ ಹಿಂದೆಯೇ ಮೀನು. ಸಂಗೀತ, ದೀಪ, ನಿರೂಪಕಿಯ ಉತ್ಸಾಹ ಎಲ್ಲವನ್ನೂ ಕಳಚಿ ನೋಡಿದರೆ ಉಳಿಯುವುದು ಆ ಮೀನಿನ ಬಕೆಟ್ಟು. ಡಾಲ್ಫಿನ್ ನಗುತ್ತಿದೆಯಲ್ಲ ಎನ್ನುತ್ತಾರೆ. ಅದು ದವಡೆಯ ಆಕಾರ. ಹಸಿದರೂ ನೊಂದರೂ ಅದರ ಮುಖ ಹಾಗೆಯೇ ಇರುತ್ತದೆ. ಮಿದುಳಿನ ಅರ್ಧ ಭಾಗ ಮಲಗಿದಾಗ ಇನ್ನರ್ಧ ಎಚ್ಚರವಾಗಿದ್ದು ಉಸಿರಾಟ ನೋಡಿಕೊಳ್ಳುವ ಪ್ರಾಣಿ ಅದು. ಪ್ರತಿಯೊಂದಕ್ಕೂ ತನ್ನದೇ ಆದ ಸಿಳ್ಳೆಯಿದೆ, ಗುಂಪಿನವು ಆ ಸಿಳ್ಳೆಯಿಂದಲೇ ಒಂದನ್ನೊಂದು ಗುರುತಿಸುತ್ತವೆ. ಸದ್ದಿನಲ್ಲೇ ಬದುಕುವ ಪ್ರಾಣಿಯನ್ನು ಕಾಂಕ್ರೀಟು ಗೋಡೆಗಳ ಕೊಳದಲ್ಲಿಟ್ಟು ಧ್ವನಿವರ್ಧಕ ಹಚ್ಚುತ್ತೇವೆ.

ಇದು ನನ್ನೊಬ್ಬಳ ತಕರಾರೂ ಅಲ್ಲ. ಭಾರತದಲ್ಲಿ 2013ರಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರ ಡಾಲ್ಫಿನ್ ಪ್ರದರ್ಶನ ಕೇಂದ್ರಗಳಿಗೆ ಅನುಮತಿ ಕೊಡಬಾರದೆಂದು ರಾಜ್ಯಗಳಿಗೆ ತಿಳಿಸಿತು. ಅಮೆರಿಕದ ಮೆರೈನ್ ಪಾರ್ಕುಗಳ ಕಂಪನಿ ಸೀವರ್ಲ್ಡ್ 2016ರಲ್ಲಿ ಓರ್ಕಾಗಳ, ಅಂದರೆ ಡಾಲ್ಫಿನ್ ಕುಟುಂಬದ 'ಕಿಲ್ಲರ್ ವೇಲ್'ಗಳ, ಸಂತಾನಾಭಿವೃದ್ಧಿ ನಿಲ್ಲಿಸುವುದಾಗಿ ಘೋಷಿಸಿತು. ಕೆನಡಾ 2019ರಲ್ಲಿ ತಿಮಿಂಗಿಲ, ಡಾಲ್ಫಿನ್‌ಗಳನ್ನು ಮನರಂಜನೆಗಾಗಿ ಸೆರೆಯಲ್ಲಿಡುವುದರ ವಿರುದ್ಧ ಕಾನೂನನ್ನೇ ಮಾಡಿತು. ಇಷ್ಟಾದ ಮೇಲೂ ಟಿಕೆಟ್ ಜತೆ ಬಂದಿದೆ ಎಂಬ ಒಂದೇ ಕಾರಣಕ್ಕೆ ಹೋಗಿ ಕೂರಬೇಕೇ?

ಮಕ್ಕಳಿಗೆ ಖುಷಿಯಾಗುತ್ತದೆ ಎಂಬ ವಾದವನ್ನು ನಾನು ಅಲ್ಲಗಳೆಯುವುದಿಲ್ಲ. ಆಗುತ್ತದೆ. ಅಷ್ಟು ದೊಡ್ಡ ಪ್ರಾಣಿ ನೀರಿನಿಂದ ಚಿಮ್ಮಿದರೆ ಯಾರಿಗೆ ಆಗುವುದಿಲ್ಲ? ಆದರೆ ಮೂರು, ಐದು ವರ್ಷದವರು ಅಲ್ಲಿ ಕಲಿಯುವುದು ಪ್ರಾಣಿ ನಮ್ಮ ಮಾತು ಕೇಳಿದರೆ ಚಪ್ಪಾಳೆ ಎಂಬುದನ್ನು. ಕಡಲ್ಗುದುರೆ ಯಾರ ಮಾತನ್ನೂ ಕೇಳಲಿಲ್ಲ. ಅದು ಮೂತಿ ತಿರುಗಿಸುವವರೆಗೆ ನನ್ನ ಮಗಳೇ ಕಾದಳು. ಈ ಎರಡರಲ್ಲಿ ಯಾವುದು ಬೇಕೆಂದು ತೀರ್ಮಾನಿಸುವುದು ಅಪ್ಪ ಅಮ್ಮಂದಿರ ಕೆಲಸ, ಟಿಕೆಟ್ ಮಾರುವವರದಲ್ಲ.

"ಹಾಗಾದರೆ ಮೀನಿನ ತೊಟ್ಟಿಯೂ ಸೆರೆಮನೆಯೇ ಅಲ್ಲವೇ? ಮನೆಯಲ್ಲೇ ಇರಬಹುದಿತ್ತು" ಎಂದು ನನ್ನ ಅಕ್ಕ ಚುಚ್ಚಿದಳು. ಪ್ರಶ್ನೆ ಸರಿಯಾಗಿಯೇ ಇದೆ. ಜೆಲ್ಲಿ ಮೀನಿಗೆ ಮಿದುಳಿಲ್ಲ, ಹೃದಯವಿಲ್ಲ. ಮೂಲೆಗೆ ಸಿಕ್ಕಿ ಹರಿದುಹೋಗದಿರಲೆಂದು ಅದಕ್ಕೆ ಮೂಲೆಗಳೇ ಇಲ್ಲದ ದುಂಡು ತೊಟ್ಟಿ ಮಾಡಿ, ನೀರನ್ನು ಮೆಲ್ಲನೆ ಸುತ್ತಿಸುತ್ತಾರೆ. ಅದರ ಬಗ್ಗೆ ನನಗೆ ನಿದ್ದೆ ಕೆಡುವುದಿಲ್ಲ. ಆಕ್ಟೋಪಸ್ ಬಗ್ಗೆ ಅಷ್ಟು ಧೈರ್ಯವಾಗಿ ಹೇಳಲಾರೆ. ಮೂರು ಹೃದಯ, ನೀಲಿ ರಕ್ತ, ನರಕೋಶಗಳಲ್ಲಿ ಹೆಚ್ಚಿನ ಪಾಲು ತೋಳುಗಳಲ್ಲೇ. ಗಾಜಿನ ಆಚೆಯಿಂದ ಅದು ನಮ್ಮನ್ನೇ ದಿಟ್ಟಿಸಿದಾಗ ನಾನು ಸ್ವಲ್ಪ ಮುದುಡಿದ್ದು ನಿಜ. ಎಲ್ಲದಕ್ಕೂ ಒಂದೇ ತಕ್ಕಡಿ ಹಿಡಿಯಲು ಬರುವುದಿಲ್ಲ. ಡಾಲ್ಫಿನ್ ವಿಷಯದಲ್ಲಿ ಮಾತ್ರ ನನಗೆ ಅನುಮಾನವಿಲ್ಲ.

ಮುಟ್ಟಿ ನೋಡುವ ಕೊಳದ ಬಗ್ಗೆ ಎರಡು ಮಾತು. ಕೈ ಒದ್ದೆ ಮಾಡಿಕೊಂಡು, ಎರಡು ಬೆರಳಿನಿಂದ, ನೀರಿನೊಳಗೇ ಮುಟ್ಟಬೇಕು. ನಕ್ಷತ್ರ ಮೀನನ್ನು ಫೋಟೋಗಾಗಿ ಮೇಲೆತ್ತುವ ದೊಡ್ಡವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅಲ್ಲಿನ ಸಿಬ್ಬಂದಿ ಮಕ್ಕಳಿಗೆ ಹೇಳುವ ಬುದ್ಧಿಮಾತನ್ನು ಅಪ್ಪಂದಿರಿಗೆ ಹೇಳಬೇಕಾಗಿದೆ.

ಪೆಂಗ್ವಿನ್ ಕೋಣೆಯಲ್ಲಿ ಒಂದು ಹಕ್ಕಿ ಹರಿದ ಹಾಸಿಗೆಯಂತೆ ಅಲ್ಲಲ್ಲಿ ಕಿತ್ತು ಬಂದ ಗರಿಗಳೊಂದಿಗೆ ಗೋಡೆಗೆ ಮುಖ ಮಾಡಿ ನಿಂತಿತ್ತು. "ಅದಕ್ಕೆ ಜ್ವರ ಬಂದಿದೆಯಾ ಅಮ್ಮ?" ಎಂದು ಮಗಳು ಕೇಳಿದಳು. ಜ್ವರವಲ್ಲ. ಪೆಂಗ್ವಿನ್‌ಗಳು ಇತರ ಹಕ್ಕಿಗಳಂತೆ ಒಂದೊಂದೇ ಗರಿ ಉದುರಿಸುವುದಿಲ್ಲ, ಹಳೆಯ ಗರಿಗಳನ್ನೆಲ್ಲ ಒಟ್ಟಿಗೇ ಬದಲಿಸುತ್ತವೆ. ಹೊಸದು ಬರುವವರೆಗೆ ಮೈಗೆ ನೀರು ತಡೆಯುವ ಹೊದಿಕೆಯಿರುವುದಿಲ್ಲ. ಸ್ವತಂತ್ರವಾಗಿ ಬದುಕುವ ಪೆಂಗ್ವಿನ್ ಆದರೆ ಸಮುದ್ರಕ್ಕೆ ಇಳಿಯಲಾರದೆ ಕೆಲವು ವಾರ ದಡದಲ್ಲಿ ಉಪವಾಸ ನಿಲ್ಲುತ್ತದೆ. ಇದನ್ನು ಬರೆದು ಹಾಕಿದ್ದ ಫಲಕ ನನ್ನ ಎದೆಯ ಎತ್ತರದಲ್ಲಿತ್ತು.

ನನ್ನ ನಿಜವಾದ ಸಿಟ್ಟು ಇರುವುದು ಇಲ್ಲಿ. ಬರುವವರಲ್ಲಿ ಅರ್ಧಕ್ಕರ್ಧ ಮಕ್ಕಳು ಎಂದು ಗೊತ್ತಿದ್ದೂ ಎಷ್ಟೋ ತೊಟ್ಟಿಗಳ ಗಾಜು ಶುರುವಾಗುವುದು ಮಗುವಿನ ತಲೆಯ ಮೇಲೆ. ಮಗನನ್ನು ಎತ್ತಿ ಎತ್ತಿ ನನ್ನ ಸೊಂಟ ಹೋಯಿತು. ಎತ್ತಿಕೊಂಡ ಮಗು ತನಗೆ ಬೇಕಾದಷ್ಟು ಹೊತ್ತು ನೋಡಲಾಗುವುದಿಲ್ಲ, ಎತ್ತಿದವರ ತೋಳು ತಡೆಯುವಷ್ಟು ಹೊತ್ತು ಮಾತ್ರ ನೋಡುತ್ತದೆ. ಗಾಜನ್ನು ನೆಲದವರೆಗೆ ಇಳಿಸಲಾಗದಿದ್ದರೆ ಕಲ್ಲಿನ ಒಂದು ಮೆಟ್ಟಿಲಾದರೂ ಹಾಕಿಸಬಹುದು. ಶೋ ನಡೆಯುವ ಕಡೆ ಸಾವಿರಾರು ಆಸನ ಹಾಕಿಸಬಲ್ಲವರಿಗೆ ಪ್ರತಿ ಕೋಣೆಗೆ ಎರಡು ಬೆಂಚು ಭಾರವೇ? ಹೊರಬರುವ ದಾರಿಯನ್ನು ಆಟಿಕೆ ಅಂಗಡಿಯ ನಡುವೆಯೇ ಹಾಯಿಸುವುದನ್ನು ಮಾತ್ರ ಯಾರೂ ಮರೆತಿರುವುದಿಲ್ಲ. ಅಲ್ಲಿ ಎಲ್ಲವೂ ಮಕ್ಕಳ ಕೈಗೆ ಎಟಕುವ ಎತ್ತರದಲ್ಲೇ.

ಎಷ್ಟನೇ ವಯಸ್ಸಿಗೆ ಕರೆದುಕೊಂಡು ಹೋಗಬಹುದು ಎಂದು ಕೆಲವರು ಕೇಳಿದ್ದಾರೆ. ನಡೆಯಲು ಬಂದ ಮೇಲೆ ಯಾವಾಗಲಾದರೂ ಸರಿ. ಕತ್ತಲೆಗೆ ಹೆದರುವ ಮಗುವಾದರೆ ಹೊರಗಿನ ಕೊಳಗಳಿಂದ ಶುರುಮಾಡಿ, ಒಳಗಿನ ಕೋಣೆಗಳು ಆಮೇಲೆ. ತಳ್ಳುಗಾಡಿ ಇರಲಿ, ದೊಡ್ಡವನಾಗಿದ್ದಾನೆ ಎಂದು ಮನೆಯಲ್ಲಿ ಬಿಟ್ಟು ಹೋಗಬೇಡಿ. ಬಾಗಿಲು ತೆರೆಯುವ ಹೊತ್ತಿಗೇ ಹೋಗಿ, ಮಕ್ಕಳು ದಣಿಯುವ ಮುಂಚೆಯೇ ಹೊರಡಿ. ಅರ್ಧ ಪಾರ್ಕು ನೋಡದೆ ಉಳಿದರೂ ಪರವಾಗಿಲ್ಲ. ನಾವು ಕಡಲಾಮೆಗಳನ್ನು ನೋಡಲೇ ಇಲ್ಲ. ಮನೆಯವರಿಗೆ ಅದರ ಬಗ್ಗೆ ಇನ್ನೂ ಸ್ವಲ್ಪ ಮುನಿಸಿದೆ, ಮಕ್ಕಳಿಗೆ ಇಲ್ಲ.