ಪುಕ್ಕಟೆ ಪೋಕರ್ ಟೂರ್ನಿಯ ಮೊದಲ ತಾಸು: ಮೂರೆಲೆ ಬುದ್ಧಿ ಬದಿಗಿಟ್ಟು ಕೂರ್ರಿ

ಯುಗಾದಿ ಬಂತಂದ್ರೆ ದಾವಣಗೆರೆ ಸುತ್ತಮುತ್ತಲ ಊರುಗಳ ಕಟ್ಟೆ ಮೇಲೆ ಇಸ್ಪೀಟು ಬೀಳದೇ ಇರಲ್ಲ. ಅಂದರ್-ಬಾಹರ್, ರಮ್ಮಿ, ಮೂರೆಲೆ (ತೀನ್ ಪತ್ತಿ). ಅದೇ ಕೈಗಳು ಈಗ ಮೊಬೈಲಿನಲ್ಲಿ ಫ್ರೀರೋಲ್ ಪೋಕರ್ ಆಡ್ತಿವೆ. ಫ್ರೀರೋಲ್ ಅಂದ್ರೆ ಪ್ರವೇಶ ಪುಕ್ಕಟೆ ಇರೋ ಟೂರ್ನಿ: ಎಲ್ಲರಿಗೂ ಒಂದೇ ಸಮ ಚಿಪ್ ಕೊಡ್ತಾರೆ, ಕಳ್ಕೊಂಡವರು ಎದ್ದು ಹೋಗ್ತಾರೆ, ಕೊನೆಗೆ ಉಳಿದ ಕೆಲವರಿಗೆ ಬಹುಮಾನ. ಆಟ ಹೋಲ್ಡೆಮ್, ಅಂದ್ರೆ ಕೈಯಲ್ಲಿ ಎರಡು ಎಲೆ, ನಡುವೆ ಎಲ್ಲರಿಗೂ ಸೇರಿದ ಐದು. ನಮ್ಮವರಲ್ಲಿ ಬಹಳಷ್ಟು ಜನ ಮೊದಲ ತಾಸಿನಲ್ಲೇ ಹೊರಬೀಳ್ತಾರೆ. ಅವರನ್ನ ಹೊರಗೆ ಹಾಕೋದು ಮೂರೆಲೆಯಲ್ಲಿ ಕಲಿತ ಚಾಳಿ ಅನ್ನೋದು ನನ್ನ ವಾದ.

ದುಡ್ಡಿನ ಮಾತು ಮೊದಲೇ ಮುಗಿಸಿಬಿಡ್ತೀನಿ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು, ಅವು ಕೌಶಲದ್ದಿರಲಿ ಅದೃಷ್ಟದ್ದಿರಲಿ, ನಿಷೇಧಿಸುವ ಕೇಂದ್ರದ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಹಾಗಾಗಿ ಇಲ್ಲಿ ಬರೀತಿರೋದು ಒಂದು ರೂಪಾಯಿಯೂ ಕಟ್ಟದ ಟೂರ್ನಿ ಬಗ್ಗೆ ಮಾತ್ರ. ‘ಗೆದ್ದಿದ್ದೀರಿ, ಬಹುಮಾನ ಬಿಡಿಸ್ಕೊಳ್ಳೋಕೆ 500 ಹಾಕಿ’ ಅಂತ ಮೆಸೇಜ್ ಬಂದ್ರೆ, ಸೋತ ಮೇಲೆ ಮತ್ತೆ ಒಳಗೆ ಬರೋಕೆ ದುಡ್ಡು ಕೇಳಿದ್ರೆ, ಆ ಆಪ್ ಅಳಿಸಿಹಾಕ್ರಿ.

ಈಗ ಚಾಳಿಗಳು. ಮೂರೆಲೆಯಲ್ಲಿ ಸೀಕ್ವೆನ್ಸ್ ಕಲರ್‌ಗಿಂತ ದೊಡ್ಡದು. ಪೋಕರ್‌ನಲ್ಲಿ ಉಲ್ಟಾ: ಒಂದೇ ಜಾತಿಯ ಐದೆಲೆ, ಅಂದ್ರೆ ಫ್ಲಶ್, ಐದರ ಸಾಲಿಗಿಂತ ಮೇಲೆ. ನಡುವೆ ಮೂರು ಆಟೀನ್ ಬಿದ್ದಿದ್ದಾಗ ಕೈಯಲ್ಲಿ ಸಾಲು ಕೂಡಿದೆ ಅಂತ ಪೂರ್ತಿ ಚಿಪ್ ತಳ್ಳಿ ಎದ್ದು ಹೋಗುವವರಿಗೆ ಲೆಕ್ಕವಿಲ್ಲ. ಅಲ್ಲಿ ಟ್ರಯಲ್ ಬಂದ್ರೆ ಅದರ ಮುಂದೆ ಇನ್ನೇನೂ ಇಲ್ಲ. ಇಲ್ಲಿ ಮೂರು ಒಂದೇ ಎಲೆ ಸಾಲಿಗೂ ಸೋಲ್ತದೆ, ಫ್ಲಶ್‌ಗೂ ಸೋಲ್ತದೆ. ಎಕ್ಕ-ಎರಡು-ಮೂರು ಅಲ್ಲಿ ಭಾರಿ ಸೀಕ್ವೆನ್ಸು. ಇಲ್ಲಿ ಎಕ್ಕದಿಂದ ಐದರವರೆಗಿನ ಸಾಲು ಎಲ್ಲಾ ಸಾಲುಗಳಲ್ಲಿ ಸಣ್ಣದು.

ಎರಡನೇ ಗೊಂದಲ ‘ಬ್ಲೈಂಡ್’ ಅನ್ನೋ ಪದದ್ದು. ಮೂರೆಲೆಯಲ್ಲಿ ಎಲೆ ನೋಡದೆ ಆಡಿದವನು ಹಾಕೋದು, ನೋಡಿದವನು ಹಾಕೋದರ ಅರ್ಧ. ಅದಕ್ಕೇ ಅಲ್ಲಿ ಬ್ಲೈಂಡ್ ಆಡೋದರಲ್ಲಿ ಲಾಭ ಉಂಟು. ಪೋಕರ್‌ನ ಬ್ಲೈಂಡ್ ಬರೀ ಸರದಿ ಮೇಲೆ ಇಬ್ಬರು ಹಾಕಲೇಬೇಕಾದ ಕಾಣಿಕೆ. ನೋಡದೆ ಆಲ್-ಇನ್, ಅಂದ್ರೆ ಇದ್ದ ಚಿಪ್ಪೆಲ್ಲ, ಒತ್ತಿದರೆ ಇಲ್ಲಿ ಯಾರೂ ರಿಯಾಯಿತಿ ಕೊಡಲ್ಲ. ಇನ್ನೊಂದು: ಮೂರೆಲೆಯಲ್ಲಿ ಪ್ರತಿ ಆಟಕ್ಕೂ ಪ್ರತಿಯೊಬ್ಬನೂ ಬೂಟ್ ಹಾಕ್ಬೇಕು, ಪ್ಯಾಕ್ ಮಾಡಿದರೂ (ಎಲೆ ಬಿಟ್ಟುಕೊಟ್ಟರೂ) ಕೈಯಿಂದ ಹೋಗ್ತದೆ. ಒಂಬತ್ತು ಜನರ ಪೋಕರ್ ಟೇಬಲ್‌ನಲ್ಲಿ ಒಂದು ಸುತ್ತಿನ ಒಂಬತ್ತರಲ್ಲಿ ಏಳು ಸಲ ಪ್ಯಾಕ್ ಮಾಡೋದು ಪೂರ್ತಿ ಪುಕ್ಕಟೆ. ಈ ಪುಕ್ಕಟೆಯನ್ನ ಬಳಸ್ಕೊಳ್ಳಲ್ಲ ನೋಡ್ರಿ, ಅಲ್ಲೇ ನಷ್ಟ.

ಹಾಗಂತ ಬರೀ ಕಾಯ್ತಾ ಕೂತರೂ ಆಗಲ್ಲ. ಲೆಕ್ಕ ಹಾಕ್ರಿ. ಶುರುವಿಗೆ 1500 ಚಿಪ್, ಬ್ಲೈಂಡ್ 10/20 (ಒಬ್ಬ 10, ಇನ್ನೊಬ್ಬ 20; ದೊಡ್ಡದೇ ಬಿಗ್ ಬ್ಲೈಂಡ್), ಹತ್ತು ನಿಮಿಷಕ್ಕೊಮ್ಮೆ ಏರಿಕೆ ಅಂತಿಟ್ಕೊಳ್ಳಿ: 15/30, 25/50, 50/100, 75/150, 100/200. ಹತ್ತು ನಿಮಿಷಕ್ಕೆ ಹೆಚ್ಚುಕಮ್ಮಿ ಒಂದು ಸುತ್ತು ಆಗ್ತದೆ. ಆರು ಸುತ್ತಿನ ಖರ್ಚು 30, 45, 75, 150, 225, 300, ಒಟ್ಟು 825. ಒಂದು ಕೈಯನ್ನೂ ಆಡದವನ ಹತ್ತಿರ ತಾಸಿನ ಕೊನೆಗೆ 675 ಉಳೀತವೆ, ಅಂದ್ರೆ ಮೂರು ಬಿಗ್ ಬ್ಲೈಂಡ್ ಚಿಲ್ಲರೆ. ಆದರೆ ಮೊದಲ ಮೂರು ಸುತ್ತಿನ ಖರ್ಚು ಬರೀ 150, ಸ್ಟಾಕಿನ (ಕೈಯಲ್ಲಿರೋ ಒಟ್ಟು ಚಿಪ್ಪಿನ) ಹತ್ತನೇ ಒಂದು ಪಾಲು. ಮೊದಲ ಅರ್ಧ ತಾಸಿನ ತಾಳ್ಮೆ ಅಗ್ಗ, ಆಮೇಲಿನದು ದುಬಾರಿ. ನಿಮ್ಮ ಟೂರ್ನಿಯ ಏರಿಕೆ ಐದು ನಿಮಿಷಕ್ಕೊಮ್ಮೆ ಇದ್ದರೆ ಈ ಅಗ್ಗದ ಹೊತ್ತೂ ಅರ್ಧ ಆಗ್ತದೆ. ಆಡೋಕೆ ಮುಂಚೆ ಲಾಬಿಯಲ್ಲಿ ಬ್ಲೈಂಡ್ ಪಟ್ಟಿ ನೋಡೋದು ಇದಕ್ಕೇ.

ಯಾವ ಕೈ ಆಡ್ಬೇಕು? ಎಕ್ಕ, ರಾಜ, ರಾಣಿ, ಗುಲಾಮ ಇವುಗಳ ಜೋಡಿ, ಜೊತೆಗೆ ಎಕ್ಕ-ರಾಜ. ಇವಿಷ್ಟೂ ಸೇರಿ ಬರೋದು ನೂರಕ್ಕೆ ಮೂರು ಸಲ. ತಾಸಿಗೆ 60 ಕೈ ಅಂದ್ರೂ ಎರಡು ಸಲ ಕಂಡರೆ ಹೆಚ್ಚು, ಆರು ಟೂರ್ನಿಯಲ್ಲಿ ಒಂದರಲ್ಲಿ ಒಂದೂ ಬರಲ್ಲ. ಹತ್ತರ ಜೋಡಿ, ಎಕ್ಕ-ರಾಣಿ ಸೇರಿಸಿಕೊಂಡ್ರೆ ಮೂರು ಸಲದ ಹತ್ತಿರಕ್ಕೆ ಬರ್ತದೆ. ರಾಜ-ಗುಲಾಮ, ರಾಣಿ-ಹತ್ತು ಥರದ ಚಂದ ಕಾಣೋ ಎಲೆಗಳನ್ನ ಮೊದಲು ಆಡಬೇಕಾದ ಸೀಟುಗಳಿಂದ ಮುಟ್ಟಬೇಡ್ರಿ. ಜೋಡಿ ಸಿಕ್ಕರೂ ಪಕ್ಕದೆಲೆಯಲ್ಲಿ ಸೋಲ್ತವೆ.

ಎರಡರಿಂದ ಒಂಬತ್ತರವರೆಗಿನ ಸಣ್ಣ ಜೋಡಿಗಳ ಲೆಕ್ಕ ಬೇರೆ. ನಡುವಿನ ಮೊದಲ ಮೂರೆಲೆಯಲ್ಲಿ ನಿಮ್ಮದೇ ಮೂರನೆಯದು ಬೀಳೋದು 12%, ಎಂಟು-ಒಂಬತ್ತು ಸಲಕ್ಕೊಮ್ಮೆ. ಬಿದ್ದರೆ ಫ್ರೀರೋಲಿನಲ್ಲಿ ಪೂರ್ತಿ ಸ್ಟಾಕ್ ಸಿಗ್ತದೆ, ಯಾಕಂದ್ರೆ ಎದುರಿನವನು ಒಂದು ಎಕ್ಕದ ಜೋಡಿ ಇದ್ರೂ ಬಿಡಲ್ಲ. ಅದಕ್ಕೇ ಒಳಗೆ ಹೋಗೋ ಬೆಲೆ ಇಬ್ಬರಲ್ಲಿ ಸಣ್ಣ ಸ್ಟಾಕಿನ ಹದಿನೈದನೇ ಒಂದು ಪಾಲು ದಾಟಬಾರದು. 1500ಕ್ಕೆ 100. ಮೂರನೆಯದು ಬೀಳಲಿಲ್ವಾ, ಯಾರಾದ್ರೂ ಬೆಟ್ ಮಾಡಿದ್ರಾ, ಪ್ಯಾಕ್. 50/100ರಲ್ಲಿ ಯಾರೋ 300ಕ್ಕೆ ಏರಿಸಿದಾಗ ನಾಲ್ಕರ ಜೋಡಿ ಹಿಡ್ಕೊಂಡು ಹೋಗೋದು ಬರೀ ಆಸೆ.

ಏರಿಸೋ ಮೊತ್ತದ ಬಗ್ಗೆ ಸ್ವಲ್ಪ ಹೆಚ್ಚೇ ಹೇಳ್ಬೇಕು. ಪುಸ್ತಕದ ಪ್ರಕಾರ ಮೂರು ಬಿಗ್ ಬ್ಲೈಂಡ್ ಸಾಕು. ಫ್ರೀರೋಲಿನಲ್ಲಿ ಅಷ್ಟಕ್ಕೆ ಇಡೀ ಟೇಬಲ್ ಒಳಗೆ ಬರ್ತದೆ, ಎಣ್ಣೆಗೆ ಬಿದ್ದ ಮಿರ್ಚಿ ಸುತ್ತ ಜನ ನಿಂತಂಗೆ. ಐದು ಜನ ಎದುರಿದ್ದರೆ ರಾಣಿ ಜೋಡಿ ಕೂಡ ಗೆಲ್ಲೋದು ಅರ್ಧಕ್ಕಿಂತ ಕಡಿಮೆ ಸಲ. ಹಾಗಾಗಿ ಐದು ಬಿಗ್ ಬ್ಲೈಂಡ್, ಅದರ ಮೇಲೆ ಸುಮ್ಮನೆ ಕಾಲ್ ಮಾಡಿ (ಏರಿಸದೆ ಅಷ್ಟೇ ಹಾಕಿ) ಬಂದ ಪ್ರತಿಯೊಬ್ಬನಿಗೂ ಒಂದೊಂದು. 10/20ರಲ್ಲಿ ಮೂವರು ಬಂದಿದ್ದಾರೆ, ನಿಮಗೆ ರಾಣಿ ಜೋಡಿ: 100ಕ್ಕೆ 60 ಸೇರಿಸಿ 160. ಬ್ಲೈಂಡಿನವರು ಪ್ಯಾಕ್, ಮೂವರಲ್ಲಿ ಇಬ್ಬರು ಕಾಲ್ ಮಾಡಿದರೆ ನಡುವೆ 530, ನಿಮ್ಮ ಕೈಯಲ್ಲಿ 1340. 9-7-2 ಬಿತ್ತು ಅಂತಿಟ್ಕೊಳ್ಳಿ, 350 ಹಾಕ್ರಿ. ಒಬ್ಬ ಬಂದರೆ ನಡುವೆ 1230, ನಿಮ್ಮಲ್ಲಿ 990. ಮುಂದಿನ ಎಲೆಗೆ ಅಷ್ಟನ್ನೂ ಹಾಕೋದು ಸಹಜವಾಗಿ ಹೊಂದ್ತದೆ. 60ಕ್ಕೆ ಏರಿಸಿ ಶುರುಮಾಡಿದ್ದರೆ ಈ ಲೆಕ್ಕ ಕೂಡ್ತಿರಲಿಲ್ಲ.

ಆದರೆ ರಾಣಿ ಜೋಡಿ ಹಿಡಿದಾಗ ನಡುವಿನ ಮೂರೆಲೆಯಲ್ಲಿ ಎಕ್ಕವೋ ರಾಜನೋ ಕಾಣಿಸೋದು 41% ಸಲ. ಇಬ್ಬರು ಎದುರಿದ್ದು, ಎಕ್ಕ ಬಿದ್ದು, ಒಬ್ಬ ದೊಡ್ಡ ಬೆಟ್ ಹಾಕಿದನೋ, ಅಲ್ಲಿಗೆ ನಿಲ್ಸಿ. 160 ಹೋಯ್ತು, 1340 ಉಳೀತು. ‘ಇಷ್ಟು ಹಾಕಿದೀನಿ, ನೋಡೇಬಿಡೋಣ’ ಅನ್ನೋದು ಮೂರೆಲೆಯ ಷೋ ಚಾಳಿ.

ಪ್ರತಿ ಕೈಗೂ ಆಲ್-ಇನ್ ಒತ್ತೋ ಒಬ್ಬ ಮಹಾಶಯ ಎಲ್ಲ ಟೇಬಲ್‌ನಲ್ಲೂ ಇರ್ತಾನೆ. ಒಂದು ಸುತ್ತು ಅವನನ್ನ ಬರೀ ಎಣಿಸ್ರಿ. ಐದರಲ್ಲಿ ನಾಲ್ಕು ಸಲ ಒತ್ತಿದನಾ, ಅವನ ಕೈಯಲ್ಲಿ ಯಾವ ಎಲೆ ಬೇಕಾದ್ರೂ ಇರಬಹುದು ಅಂತಲೇ ಲೆಕ್ಕ. ಯಾವುದೋ ಎರಡೆಲೆ ಎದುರು ಎಕ್ಕದ ಜೋಡಿ 85%, ರಾಣಿ ಜೋಡಿ 80%, ಹತ್ತರ ಜೋಡಿ 75%, ಎಕ್ಕ-ರಾಜ 65% ಗೆಲ್ತವೆ. ಇವುಗಳಲ್ಲಿ ಹೋಗ್ರಿ. ಅವನ ಹಿಂದೆ ಇನ್ನಿಬ್ಬರು ಒತ್ತಿದಾರೆ ಅಂದ್ರೆ ಎಕ್ಕ-ರಾಜ 40%ರ ಸುತ್ತ ಇಳೀತದೆ. ಗೆದ್ದರೆ ನಾಲ್ಕು ಪಟ್ಟು, ಆದರೆ ಹತ್ತರಲ್ಲಿ ಆರು ಸಲ ಮನೆಗೆ. ಅಲ್ಲಿ ಜೋಡಿಗಳನ್ನ ಮಾತ್ರ ಆಡೋದು ನನ್ನ ಆಯ್ಕೆ. ಚಿಪ್ ಲೆಕ್ಕದಲ್ಲಿ ಎಕ್ಕ-ರಾಜ ಹೋಗೋದೇ ಸರಿ ಅನ್ನುವವರನ್ನ ತಪ್ಪು ಅನ್ನೋಕಾಗಲ್ಲ.

‘ಹೇಗೂ ಪುಕ್ಕಟೆ, ಮೊದಲೇ ಡಬಲ್ ಆಗು ಇಲ್ಲ ಎದ್ದು ಹೋಗು’ ಅನ್ನೋ ವಾದ ಎಲ್ಲ ಕಡೆ ಕೇಳ್ತದೆ. ಸಮಬಲದ ಕೈಯಲ್ಲಿ ಸಾಲಾಗಿ ನಾಲ್ಕು ಸಲ ಡಬಲ್ ಆಗೋದು ಹದಿನಾರಕ್ಕೆ ಒಂದು. 80% ಕೈಯಲ್ಲಾದರೆ 41%. ಟೈಮ್ ಉಳಿಸೋದೇ ಮುಖ್ಯವಾಗಿದ್ದರೆ ರಿಜಿಸ್ಟರ್ ಮಾಡೋದ್ಯಾಕೆ?

ಬ್ಲಫ್ ಮೊದಲ ತಾಸಿನಲ್ಲಿ ಬೇಡ. ನಡುವಿನ ಮೊತ್ತದ ಅರ್ಧ ಬೆಟ್ ಹಾಕಿದರೆ ಮೂರರಲ್ಲಿ ಒಂದು ಸಲವಾದ್ರೂ ಎದುರಿನವನು ಪ್ಯಾಕ್ ಮಾಡಬೇಕು, ಆಗಲೇ ಅಸಲು. ಪುಕ್ಕಟೆ ಚಿಪ್ ಹಿಡಿದವನು ಪ್ಯಾಕ್ ಮಾಡೋಕೆ ಬಂದಿಲ್ಲ. ಅದೇ ಕಾರಣಕ್ಕೆ ಒಳ್ಳೇ ಕೈ ಇದ್ದಾಗ ಬಚ್ಚಿಟ್ಟು ಆಡೋದೂ ವ್ಯರ್ಥ. ಫ್ಲಶ್‌ಗೆ ಒಂದೆಲೆ ಕಾಯ್ತಿರೋನಿಗೆ ಮುಂದಿನ ಎಲೆಯಲ್ಲಿ ಅದು ಸಿಗೋದು 19%. ಅವನಿಗೆ ಪುಕ್ಕಟೆ ಎಲೆ ತೋರಿಸೋ ಬದಲು ಬೆಲೆ ಹಾಕ್ರಿ.

ಹೆಸರು ಕೊಟ್ಟು ಬಾರದೇ ಇರೋರೂ ಬಹಳ. ಅವರ ಸೀಟಿನ ಬ್ಲೈಂಡ್ ತಾನಾಗಿ ಹೋಗ್ತಿರ್ತದೆ, ಎಲೆ ತಾನಾಗಿ ಪ್ಯಾಕ್ ಆಗ್ತದೆ. ನಿಮ್ಮ ಎಡಗಡೆ ಅಂಥ ಎರಡು ಸೀಟು ಬಿದ್ದರೆ ಅದೃಷ್ಟ. ಆದರೆ 10/20ರಲ್ಲಿ ಆ ಬ್ಲೈಂಡ್‌ಗಳನ್ನ ಏರಿಸಿ ಕದ್ದರೆ ಸಿಗೋದು 30, ಸ್ಟಾಕಿನ 2%. 50/100ರಲ್ಲಿ 150 ಸಿಗ್ತದೆ, 10%. ಕದಿಯೋ ಕೆಲಸ ಆಗ ಶುರು ಮಾಡ್ರಿ, ಡೀಲರ್ ಬಟನ್ (ಎಲೆ ಹಂಚುವವನ ಗುರುತು) ನಿಮ್ಮ ಹತ್ತಿರ ಇದ್ದಾಗ, ನಡುವೆ ಯಾರೂ ಬಂದಿಲ್ಲದಾಗ.

ಮೊಬೈಲಿನಲ್ಲಿ ಆಡುವವರಿಗೆ: ಮುಂಗಡವಾಗಿ ಟಿಕ್ ಹಾಕೋ ‘ಕಾಲ್ ಎನಿ’ ಬಟನ್ ಯಾವತ್ತೂ ಮುಟ್ಟಬೇಡ್ರಿ, ಹಿಂದಿನಿಂದ ಯಾರೋ ಆಲ್-ಇನ್ ಅಂದರೂ ಅದು ಒಪ್ಕೊಂಡುಬಿಡ್ತದೆ. ಏರಿಸೋ ಮೊತ್ತವನ್ನ ಸ್ಲೈಡರ್ ಎಳೆಯದೆ ಅಂಕಿ ಟೈಪ್ ಮಾಡ್ರಿ. ಕರೆಂಟ್ ಹೋಗಿ ವೈಫೈ ನಿಂತರೆ ಡೇಟಾಗೆ ಬದಲಾಗೋದರೊಳಗೆ ನಿಮ್ಮ ಕೈ ಪ್ಯಾಕ್ ಆಗಿರ್ತದೆ, ಆದ್ದರಿಂದ ಶುರುವಿನಿಂದಲೇ ಡೇಟಾ ಆನ್ ಇರಲಿ.

ಬ್ಲೈಂಡ್ ಏರಿದಾಗಲೆಲ್ಲ ನಿಮ್ಮ ಚಿಪ್ಪನ್ನ ಬಿಗ್ ಬ್ಲೈಂಡಿನಿಂದ ಭಾಗಿಸಿ ನೋಡ್ರಿ. 25ರ ಮೇಲಿದ್ದರೆ ಮೇಲೆ ಹೇಳಿದ್ದೆಲ್ಲ ನಡೀತದೆ. 12ಕ್ಕೆ ಇಳಿದಾಗ 160, 350ರ ಥರದ ಲೆಕ್ಕಕ್ಕೆ ಜಾಗ ಇರಲ್ಲ, ಸಣ್ಣ ಜೋಡಿ ಹಿಡ್ಕೊಂಡು ಮೂರನೆಯದಕ್ಕೆ ಕಾಯೋದೂ ಇಲ್ಲ. ಆಗ ಉಳಿಯೋದು ಎರಡೇ ಬಟನ್, ಆಲ್-ಇನ್ ಮತ್ತು ಪ್ಯಾಕ್.